ಒಂಬತ್ತನೇ ಕ್ಲಾಸಿನ ನೀಲಿ ಗೆರೆ

ನಮ್ಮ ಶಾಲೆಯ ಗೋಡೆಗೆ ದೊಡ್ಡ ಪ್ಯಾನೆಲ್ ಬಂದ ವರ್ಷ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಬ್ಯಾಟರಾಯನಪುರದಿಂದ ಸ್ವಲ್ಪ ಒಳಗಿರುವ ನಮ್ಮದೇನೂ ಹೆಸರುವಾಸಿ ಶಾಲೆಯಲ್ಲ. ಆಟೋ ಓಡಿಸುವವರ, ಸಣ್ಣ ಅಂಗಡಿಯವರ, ಆಫೀಸು ಗುಮಾಸ್ತರ ಮಕ್ಕಳು ಬರುತ್ತಾರೆ. ಅಂಥ ಕಡೆ ಕರಿಹಲಗೆಯಷ್ಟು ಅಗಲದ, ಬೆರಳು ಮುಟ್ಟಿದರೆ ಅರಳುವ ಪರದೆ ಬಂತೆಂದರೆ ನನ್ನಂಥ ಸಮಾಜ ವಿಜ್ಞಾನದ ಟೀಚರಿಗೆ ಹಬ್ಬವಲ್ಲದೆ ಇನ್ನೇನು? ಹರಿದ ಗೋಡೆ ನಕ್ಷೆಯ ಮೇಲೆ ಕೋಲು ಆಡಿಸಿ ಆಡಿಸಿ ನನ್ನ ಭುಜ ಸೋತುಹೋಗಿತ್ತು.

ಆದರೆ ಕೆಲವರು ಆ ಪರದೆಯನ್ನು ಬಳಸುತ್ತಿದ್ದ ರೀತಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಾಠದ ಹೆಸರು ಟೈಪು ಮಾಡುವುದು, ಮೊದಲು ಸಿಕ್ಕ ವಿಡಿಯೋ ಒತ್ತುವುದು, ಪಕ್ಕದಲ್ಲಿ ಕೂತು ನೋಟ್ಸ್ ತಿದ್ದುವುದು. ಅದು ಪಾಠವಲ್ಲ, ಟಿ.ವಿ. ಹಾಕಿ ಮಗುವಿಗೆ ಊಟ ತುರುಕಿದ ಹಾಗೆ. ಸ್ಟಾಫ್ ರೂಮಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಇದನ್ನೇ ಹೇಳಿ ಇಬ್ಬರ ಜೊತೆ ಮಾತು ಬಿಟ್ಟಿದ್ದೆ. ಇವತ್ತಿಗೂ ಅದಕ್ಕೆ ಬೇಸರವೇನಿಲ್ಲ.

ನಾನು ಮಾತ್ರ ಅಕ್ಕಿ ಹಸನು ಮಾಡುವವಳ ಹಾಗೆ ಕೂರುತ್ತಿದ್ದೆ. ಒಂದು ಪಾಠಕ್ಕೆ ಹತ್ತಾರು ವಿಡಿಯೋ ನೋಡಿ, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾವ ಊರಿನ ಚಿತ್ರ ಅಂತ ಕೆದಕಿ, ಕೊನೆಗೆ ಒಂದೋ ಎರಡೋ ಉಳಿಸಿಕೊಳ್ಳುತ್ತಿದ್ದೆ. ನೀರಿನ ಚಕ್ರ ಅಂತ ಹುಡುಕಿದರೆ ಹಿಮದ ಬೆಟ್ಟ, ಪೈನ್ ಮರ. ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ಮುಳುಗುವುದನ್ನು ನೋಡಿ ಬೆಳೆದ ಮಕ್ಕಳಿಗೆ ಹಿಮದ ಬೆಟ್ಟ ತೋರಿಸಿ ಏನು ಹೇಳಲಿ? ಅಂಥದ್ದನ್ನೆಲ್ಲ ಆಚೆ ಎಸೆಯುತ್ತಿದ್ದೆ. ಉಳಿದದ್ದನ್ನು ಪಾಠಕ್ಕೊಂದರಂತೆ ಫೋಲ್ಡರ್ ಮಾಡಿ ಶಾಲೆಯ ಖಾತೆಯಲ್ಲಿ ಇಡುತ್ತಿದ್ದೆ. ಮಕ್ಕಳು ಮನೆಯಲ್ಲೂ ಫೋನಿನಲ್ಲಿ ತೆರೆದು ನೋಡಬಹುದಿತ್ತು.

ಆ ವರ್ಷ ಒಂಬತ್ತನೇ ತರಗತಿಯಲ್ಲಿ ನಮ್ಮ ಕೆಳಗಿನ ಮನೆಯ ಹುಡುಗಿಯೂ ಇದ್ದಳು. ಅಮೃತಹಳ್ಳಿ ಕಡೆ ನಮ್ಮ ಯಜಮಾನರ ತಲೆತಲಾಂತರದ ಜಾಗ. ಮೊದಲು ಹೊಲ, ಆಮೇಲೆ ಸೈಟು, ಈಗ ಮಹಡಿ ಮನೆ. ಮೇಲೆ ನಾವು, ಕೆಳಗೆ ಬಾಡಿಗೆಯವರು. ಬಾಡಿಗೆಯವರು ಬಾಗಲಕೋಟೆ ಕಡೆಯವರು. ತಂದೆಗೆ ಯಶವಂತಪುರದ ಆಚೆ ಕಾರ್ಖಾನೆಯಲ್ಲಿ ಕೆಲಸ, ತಾಯಿಗೆ ಯಲಹಂಕದ ಕಾಲೇಜೊಂದರ ಆಫೀಸಿನಲ್ಲಿ. ಹುಡುಗಿಯನ್ನು ನಮ್ಮ ಶಾಲೆಗೆ ಸೇರಿಸಿದ್ದು ನಾನೇ. ಜೊತೆಗೊಬ್ಬ ಅಜ್ಜಿ. ಪಾರ್ಶ್ವವಾಯು ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿತ್ತು. ಮಂಚದಿಂದ ಎತ್ತಿ ಕೂರಿಸಬೇಕಾದರೂ ಒಬ್ಬರು ಬೇಕು. ಬೆಳಗ್ಗೆ ಎಲ್ಲರೂ ಹೊರಟಮೇಲೆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಮಧ್ಯಾಹ್ನ ನಮ್ಮ ಅತ್ತೆ ಇನ್ನೊಂದು ಕೀಲಿ ಹಿಡಿದು ಇಳಿದುಹೋಗಿ ಗಂಜಿ ಕುಡಿಸಿ ಬರುತ್ತಿದ್ದರು. ಮಿಕ್ಕ ಹೊತ್ತೆಲ್ಲ ಆ ಅಜ್ಜಿ ಹಿಂದಿನ ರೂಮಿನಲ್ಲಿ ಒಬ್ಬರೇ.

ಹುಡುಗಿ ನನ್ನನ್ನು ಶಾಲೆಯ ಗೇಟಿನ ಒಳಗೆ ಮಿಸ್ ಅನ್ನುತ್ತಿದ್ದಳು, ಮನೆಯ ಗೇಟಿನ ಒಳಗೆ ಆಂಟಿ. ಹೆಚ್ಚು ಮಾತಿನವಳಲ್ಲ. ನೋಡಿದ್ದನ್ನು ಮರೆಯುವವಳೂ ಅಲ್ಲ.

ಜಲಸಂಪನ್ಮೂಲದ ಪಾಠಕ್ಕೆ ನನಗೊಂದು ಯೋಚನೆ ಬಂತು. ಹಳೆಯ ಗ್ರಾಮ ನಕ್ಷೆಗಳು ಈಗ ನೆಟ್‌ನಲ್ಲೇ ಸಿಗುತ್ತವೆ. ಕೆರೆ, ಏರಿ, ಬಂಡಿ ಜಾಡು, ಒಂದು ಕೆರೆಯಿಂದ ಇನ್ನೊಂದಕ್ಕೆ ಹರಿಯುವ ರಾಜಕಾಲುವೆ, ಅದಕ್ಕೆ ಸೇರುವ ಹಳ್ಳಗಳು, ಎಲ್ಲ ಅದರಲ್ಲಿ ಇರುತ್ತವೆ. ಅದನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿದರೆ ಮಕ್ಕಳಿಗೆ ತಮ್ಮ ಊರು ತಾನಾಗಿಯೇ ಕಾಣುತ್ತದೆ. ನಮ್ಮ ಕಂಪ್ಯೂಟರ್ ಮೇಷ್ಟ್ರು, ಇನ್ನೂ ಮದುವೆಯಾಗದ ಹುಡುಗ, ಸಂಜೆ ಕೂತು ಹೊಂದಿಸಿಕೊಟ್ಟರು.

"ಕೆರೆ ಏರಿ, ದೇವಸ್ಥಾನ, ರೈಲ್ವೆ ಲೈನು. ಈ ಮೂರು ಕೂತ್ಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ಕೂತ್ಕೊಳ್ಳುತ್ತೆ ಮೇಡಂ" ಅಂದರು. ಹಳ್ಳ ಕಾಲುವೆಗಳಿಗೆ ನೀಲಿ ಬಣ್ಣದ ಗೆರೆ ಎಳೆದವರೂ ಅವರೇ. ಮೂರೂ ಸರಿಯಾಗಿಯೇ ಕೂತವು. ನನಗೆ ಹೆಮ್ಮೆಯೋ ಹೆಮ್ಮೆ.

ಮಾರನೆಯ ದಿನ ಪರದೆಯ ಮೇಲೆ ಅದನ್ನು ಹಾಕಿದಾಗ ಕ್ಲಾಸಿನಲ್ಲಿ ಸಂತೆ. ಮಿಸ್ ನಮ್ಮನೆ, ಮಿಸ್ ನಮ್ಮನೆ. ಒಬ್ಬೊಬ್ಬರೇ ಬಂದು ತಮ್ಮ ಮನೆಯ ತಾರಸಿ ಹುಡುಕಿ ಬೆರಳಿಟ್ಟು ಗುರುತು ಹಾಕತೊಡಗಿದರು. ಸಹಕಾರನಗರದವನೊಬ್ಬನ ಮನೆ ಗದ್ದೆಯ ಮೇಲೆ ಬಂತು, ಇನ್ನೊಬ್ಬಳದು ಹುಣಸೆ ತೋಪಿನಲ್ಲಿ. ಒಬ್ಬನ ಮನೆ ಕೆರೆಯ ಅಂಗಳದಲ್ಲೇ ಬಂದಾಗ ಎಲ್ಲರೂ ಬಿದ್ದುಬಿದ್ದು ನಕ್ಕರು. "ಲೋ, ನೀನು ಮೀನು ಕಣೋ" ಅಂದರು. ನಾನೂ ನಕ್ಕೆ.

ಆಮೇಲೆ ಕೆಳಗಿನ ಮನೆಯ ಹುಡುಗಿ ಬಂದಳು. ತಾರಸಿಯ ಮೇಲಿನ ಹಳದಿ ಟ್ಯಾಂಕು, ಪಕ್ಕದ ಸೋಲಾರು, ಹಿತ್ತಲಿನ ನುಗ್ಗೆಮರ ನೋಡಿ ತಕ್ಷಣ ಕಂಡುಹಿಡಿದಳು. ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿದಳು. ಪರದೆಯ ತುಂಬ ನಮ್ಮ ಮನೆ. ಒಂದು ಮೂಲೆಯಿಂದ ಬಂದ ನೀಲಿ ಗೆರೆ ಮನೆಯ ಹಿಂಭಾಗವನ್ನು ಸೀಳಿಕೊಂಡು ಇನ್ನೊಂದು ಮೂಲೆಗೆ ಹೋಗಿತ್ತು.

"ಮಿಸ್, ಗೆರೆ ಹಿಂದಿನ ರೂಮಿನ ಕೆಳಗೇ ಹೋಗ್ತಿದೆ" ಅಂದಳು. "ಅಜ್ಜಿ ಮಲಗೋ ರೂಮು."

ಅದು ನನ್ನ ಮನೆಯೂ ಹೌದು ಎಂದು ಕ್ಲಾಸಿಗೆಲ್ಲ ಗೊತ್ತಿತ್ತು. ಯಾರೂ ನಗಲಿಲ್ಲ. ಎಲ್ಲ ಕಣ್ಣೂ ನನ್ನ ಮೇಲೆ.

"ಹಳೇ ನಕ್ಷೆ ಕಣಮ್ಮ. ಸ್ವಲ್ಪ ಆಚೆ ಈಚೆ ಆಗಿರುತ್ತೆ" ಅಂದೆ.

"ಕೆರೆ ಏರಿ ಕರೆಕ್ಟಾಗಿ ಕೂತಿದೆಯಲ್ಲ ಮಿಸ್" ಎಂದಳು ಮುಂದಿನ ಬೆಂಚಿನ ಇನ್ನೊಬ್ಬಳು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಸಂಜೆ ಮನೆಗೆ ಬಂದಾಗ ಅತ್ತೆ ಹಾಲಿನಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಅತ್ತೆ, ನಮ್ಮ ಮನೆ ಹಿಂದೆ ಏನಾದ್ರೂ ಹಳ್ಳ ಇತ್ತಾ?"

ಅವರು ತಲೆಯೆತ್ತಲೂ ಇಲ್ಲ. "ಊ ಕಣಮ್ಮ. ಅಲ್ಲೇ ಅರೀತಿತ್ತು. ಮಳೆಗಾಲದಾಗೆ ಈ ದಡದಿಂದ ಆ ದಡಕ್ಕೆ ಓಗಾಕೆ ಆಗ್ತಿರ್ಲಿಲ್ಲ."

"ಮತ್ತೆ ಮನೆ?"

"ಮೇಲ್ಗಡೆಯೋರು ಮುಚ್ಚುದ್ರು. ಪಕ್ಕದೋರು ಮುಚ್ಚುದ್ರು. ನಿಮ್ಮಾವ ಒಬ್ರೇ ಬಿಟ್ಟು ಏನ್ ಮಾಡಾರು? ನಾವೂ ಮುಚ್ಚುದ್ವಿ. ಊರಿಗೇ ಗೊತ್ತು."

"ನನಗೆ ಒಂದು ದಿನಾನೂ ಹೇಳಲಿಲ್ಲವಲ್ಲ."

"ನೀನು ಕೇಳ್ನಿಲ್ಲ" ಎಂದರು ಅತ್ತೆ. "ಅಲ್ದೆ ನಾನೇನು ಸುಮ್ಕೆ ಕೂತಿದ್ನಾ? ವರ್ಸಾ ವರ್ಸಾ ಗಂಗಮ್ಮಂಗೆ ಮಾಡ್ತಾ ಇಲ್ವಾ? ದಾರಿ ಕಟ್ಟಿದೀವಿ, ಕ್ವಾಪ ಮಾಡ್ಕಬೇಡ ತಾಯಿ ಅಂತ."

ಪ್ರತಿವರ್ಷ ಮೊದಲ ದೊಡ್ಡ ಮಳೆ ಬಿದ್ದಮೇಲೆ ಅತ್ತೆ ಹಿತ್ತಲಿಗೆ ಹೋಗಿ, ನುಗ್ಗೆಮರದ ಬುಡದಲ್ಲಿ ಗೋಡೆಗೆ ಆತುಕೊಂಡ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ತಂಬಿಟ್ಟು ಇಟ್ಟು, ಕಾಯಿ ಒಡೆದು ಬರುತ್ತಿದ್ದರು. ತಂಬಿಟ್ಟು ಮಾಡಿಕೊಡುತ್ತಿದ್ದವಳೇ ನಾನು. ಬೋರ್‌ವೆಲ್ ಬತ್ತದಿರಲಿ ಎಂದು ಪೂಜೆ ಅಂದುಕೊಂಡಿದ್ದೆ. ಬೋರ್‌ವೆಲ್ ಇರುವುದು ಮನೆಯ ಮುಂದೆ, ಪೂಜೆ ನಡೆಯುವುದು ಮನೆಯ ಹಿಂದೆ. ಊರ ಮಕ್ಕಳಿಗೆ ಭೂಗೋಳ ಹೇಳಿಕೊಡುವ ನನ್ನ ಮಂಡೆಗೆ ಇಷ್ಟು ವರ್ಷ ಇದು ಹೊಳೆದಿರಲಿಲ್ಲ.

"ಈ ವರ್ಷ ತಂಬಿಟ್ಟು ಮಾಡಿಕೊಡು ಅನ್ನಲೇ ಇಲ್ಲ. ಪೂಜೆ ಮಾಡಿದ್ರಾ?" ಅಂತ ಕೇಳಿದೆ.

"ಅವತ್ತು ಮಂಡಿ ಇಡ್ಕಂಡಿತ್ತು. ಇಳಿಯಾಕೆ ಆಗ್ನಿಲ್ಲ. ಮೇಲಿಂದ್ಲೇ ಕೈ ಮುಗ್ದೆ."

ದೇವರು ದಿಂಡರು ಅಂದರೆ ನಾನು ಅಷ್ಟಕ್ಕಷ್ಟೆ. ಆದರೂ ಆ ಮಾತು ಕೇಳಿ, ಸುಳ್ಳು ಯಾಕೆ ಹೇಳಲಿ, ಭಯವೇ ಆಯಿತು.

ನಮ್ಮ ಯಜಮಾನರಿಗೆ ಸಹಕಾರನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಬಂದು ಕೈಕಾಲು ತೊಳೆದ ಮೇಲೆ ಹೇಳಿದೆ. ನಕ್ಷೆಯ ವಿಷಯ ಕೇಳಿದ್ದೇ ತಡ, ಮುಖ ಕೆಂಪಾಯಿತು.

"ಬುದ್ಧಿ ಇದೆಯಾ ನಿನಗೆ? ಸ್ವಂತ ಮನೇನ ತಗೊಂಡೋಗಿ ಪರದೆ ಮೇಲೆ ಹಾಕಿ ಊರಿಗೆಲ್ಲ ತೋರಿಸ್ತೀಯಲ್ಲ. ನಾಳೆ ಕಾರ್ಪೊರೇಷನ್ನೋರು ಒತ್ತುವರಿ ಅಂತ ಬಂದು ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದ್ರೆ? ಜೆಸಿಬಿ ತಂದು ನಿಲ್ಲಿಸಿದ್ರೆ?"

"ಜೆಸಿಬಿ ಬರೋದು ಬಿಡಿ. ನೀರು ಬಂದ್ರೆ?"

"ಇಷ್ಟು ವರ್ಷ ಬಂದಿಲ್ಲ, ಈಗ ಬರುತ್ತಾ? ಮೊದಲು ಅದನ್ನ ತೆಗೆಸು."

"ಕೆಳಗಡೆಯವರಿಗಾದ್ರೂ ಹೇಳೋಣ ರೀ. ಆ ಅಜ್ಜಿಗೆ ಎದ್ದು ಓಡಕ್ಕಾಗಲ್ಲ."

"ಹೇಳು. ನಾಳೆನೇ ಖಾಲಿ ಮಾಡ್ತಾರೆ. ಆಮೇಲೆ ಈ ಬೀದೀಲಿ ಒಬ್ಬರ ಮನೆಗೂ ಯಾರೂ ಬಾಡಿಗೆಗೆ ಬರಲ್ಲ. ಅಕ್ಕಪಕ್ಕದವರು ನಮ್ಮ ಮುಖಕ್ಕೆ ಉಗೀತಾರೆ."

ಅವರು ಕೆಟ್ಟವರಲ್ಲ. ಮುಂದಿನ ಭಾನುವಾರವೇ ಗಾರೆಯವನನ್ನು ಕರೆಸಿ ಕೆಳಗಿನ ಮನೆಯ ಬಾಗಿಲಿನ ಹೊರಗೆ ಮೊಳಕಾಲೆತ್ತರದ ಸಿಮೆಂಟ್ ಕಟ್ಟೆ ಕಟ್ಟಿಸಿದರು. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಮಳೆನೀರು ರಸ್ತೆಯಿಂದ ಬರುತ್ತದೆ, ಬಾಗಿಲಲ್ಲಿ ತಡೆದರೆ ಮುಗಿಯಿತು ಎಂದು ಲೆಕ್ಕ. ಕೆಳಗಿನ ಮನೆಯಾಕೆ ದಿನಾ ಅದನ್ನು ದಾಟುವಾಗ ಸೀರೆ ಎತ್ತಿಕೊಂಡು "ಏನ್ ಕೋಟಿ ಕಟ್ಟಿಸಿದ್ರಿ ಅಣ್ಣಾರ" ಅಂತ ನಗುತ್ತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತು ನಕ್ಕ ಹಾಗೆ ಮಾಡುತ್ತಿದ್ದೆ. ಹೇಳಬೇಕು ಅಂತ ಬಾಯಿವರೆಗೂ ಬರುತ್ತಿತ್ತು. ಹೇಳಲಿಲ್ಲ.

ಶಾಲೆಯಲ್ಲಿ ಇನ್ನೊಂದು ಕಥೆ. ಮುಂದಿನ ಕ್ಲಾಸಿನಲ್ಲಿ ನಕ್ಷೆ ತೆರೆದರೆ ಅರ್ಧ ಮಕ್ಕಳು ಕೂತಲ್ಲಿಂದ ಏಳಲೇ ಇಲ್ಲ. ಮೀನು ಎಂದು ಕರೆಸಿಕೊಂಡಿದ್ದವನು ತಲೆ ತಗ್ಗಿಸಿ ಕೂತಿದ್ದ. "ಮನೆ ಎಲ್ಲಿದೆ ಅಂತ ತೋರಿಸ್ಬೇಡ ಅಂತ ಅಪ್ಪ ಹೇಳಿದಾರೆ ಮಿಸ್" ಎಂದ. ಮೊದಲ ದಿನ ಹಾಕಿದ್ದ ಗುರುತುಗಳನ್ನೂ ಯಾರೋ ಮನೆಯಿಂದಲೇ ಒಂದೊಂದಾಗಿ ಅಳಿಸಿದ್ದರು. ಫೋಲ್ಡರಿನ ಕೊಂಡಿ ಮಕ್ಕಳ ಫೋನಿನಿಂದ ಅಪ್ಪಂದಿರ ಗುಂಪಿಗೆ, ಅಲ್ಲಿಂದ ಲೇಔಟಿನ ಗುಂಪಿಗೆ ಹೋಗಿತ್ತು. ಸೈಟು ವ್ಯಾಪಾರ ಮಾಡುವ ಅಪ್ಪನೊಬ್ಬ ಶಾಲೆಗೇ ಬಂದು ಹೆಡ್‌ಮಿಸ್ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದ. ಹೊರಗೆ ಬರುವಾಗ ನನ್ನನ್ನು ನೋಡಿ ಕೈಮುಗಿದ. "ಚೆನ್ನಾಗಿ ಪಾಠ ಮಾಡ್ತೀರಂತೆ ಮೇಡಂ. ಪುಸ್ತಕದಲ್ಲಿ ಇರೋದು ಮಾಡಿ, ಸಾಕು" ಎಂದು ಮೆಲ್ಲಗೆ ಹೇಳಿ ಹೋದ. ಜಗಳ ಮಾಡಿದ್ದರೆ ನಾನೂ ಮಾಡುತ್ತಿದ್ದೆ.

ಹೆಡ್‌ಮಿಸ್ ಕರೆಸಿದರು. ಇನ್ನುಮುಂದೆ ಪ್ಯಾನೆಲ್ ಕಂಪನಿಯವರು ಕೊಟ್ಟ ಪಾಠಗಳನ್ನು ಮಾತ್ರ ತೋರಿಸಬೇಕಂತೆ. ಟೀಚರುಗಳು ತಾವೇ ಹುಡುಕಿ ಹಾಕಿದ್ದೆಲ್ಲ ತೆಗೆಯಬೇಕಂತೆ.

"ಅದರಲ್ಲಿ ತಪ್ಪೇನಿದೆ ಅಂತ ತೋರಿಸಿ, ತೆಗೀತೀನಿ" ಅಂದೆ.

"ತಪ್ಪಿದೆ ಅಂತ ಯಾರು ಹೇಳಿದ್ರು? ಬೇಡ ಅಂತ ಹೇಳ್ತಿದೀನಿ" ಎಂದರು ಅವರು. ಮಧ್ಯಾಹ್ನ ಕಂಪ್ಯೂಟರ್ ಮೇಷ್ಟ್ರು ನನ್ನ ಮುಖ ನೋಡದೆ ಫೋಲ್ಡರ್ ಅಳಿಸಿದರು.

ಕಂಪನಿಯ ಪಾಠದಲ್ಲಿ ಒಂದು ನೀರ ಹನಿ ಬರುತ್ತಿತ್ತು. ಅದಕ್ಕೆ ಕಣ್ಣು, ಮೂಗು, ಟೋಪಿ. ಕುಣಿಯುತ್ತ ಬಂದು, ನಾನು ನಿಮ್ಮ ಗೆಳೆಯ, ನನ್ನನ್ನು ಉಳಿಸಿ ಅನ್ನುತ್ತಿತ್ತು. ಹದಿನಾಲ್ಕು ವರ್ಷದ ಮಕ್ಕಳಿಗೆ ಇದು. ಹಾಳಾಗಿ ಹೋಗಲಿ ಎಂದು ಒತ್ತಿ, ನಾನೂ ಪಕ್ಕದಲ್ಲಿ ಕೂತು ನೋಟ್ಸ್ ತಿದ್ದಿದೆ. ತಲೆಯೆತ್ತಿದಾಗ ಕೆಳಗಿನ ಮನೆಯ ಹುಡುಗಿ ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಆಗಸ್ಟಿನಲ್ಲಿ ಕೆಳಗಿನ ಮನೆಯಾಕೆ ಬಂದು ದೂರಿದಳು. "ಅಕ್ಕಾರ, ಬಚ್ಚಲದಾಗ ಒಂದಽ ಸಮನೆ ಗುಳುಗುಳು ಅಂತೈತ್ರಿ. ಅತ್ತಿ ಹೆದರ್ತಾರ." ನಮ್ಮವರು ಒಬ್ಬನನ್ನು ಕರೆಸಿ ಚರಂಡಿಯ ಚೇಂಬರ್ ತೆಗೆಸಿದರು. ಕಸ ಕಟ್ಟಿಕೊಂಡಿದೆ ಎಂದುಕೊಂಡಿದ್ದೆವು. ಬುಟ್ಟಿಗಟ್ಟಲೆ ಬಂದದ್ದು ಕಸವಲ್ಲ, ಸಣ್ಣ ಮರಳು. ತೊಳೆದಿಟ್ಟ ಹಾಗೆ ನುಣ್ಣಗಿತ್ತು. ಚೇಂಬರಿನೊಳಗೆ ಮರಳು ಎಲ್ಲಿಂದ ಬಂತೆಂದು ಆ ಕೆಲಸದವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅತ್ತೆ ಮೇಲಿನಿಂದ ಬಗ್ಗಿ ನೋಡಿ ಒಳಗೆ ಹೋದರು.

ಅದಾದ ಮರುವಾರ ಒಂದು ದಿನ ಊಟದ ಬೆಲ್ ಆದಮೇಲೆ ಕತ್ತಲು ಕವಿಯಿತು. ಜಕ್ಕೂರಿನ ಕಡೆಯಿಂದ ಎದ್ದ ಮೋಡ ನೋಡನೋಡುತ್ತ ಆಕಾಶವನ್ನೆಲ್ಲ ಮುಚ್ಚಿತು. ಒಂಬತ್ತನೇ ತರಗತಿಯಲ್ಲಿ ನನ್ನದೇ ಪೀರಿಯಡ್. ಮಳೆ ಶುರುವಾದದ್ದು ಗೊತ್ತು, ಆಮೇಲೆ ನನ್ನ ಮಾತು ನನಗೇ ಕೇಳಲಿಲ್ಲ. ಕರೆಂಟು ಹೋಗಿ ಪರದೆ ಕಪ್ಪಾಯಿತು. ಅದರಲ್ಲಿ ನಮ್ಮೆಲ್ಲರ ನೆರಳು ಮಾತ್ರ ಕಾಣುತ್ತಿತ್ತು. ಆಟದ ಮೈದಾನದಲ್ಲಿ ಆಗಲೇ ನೀರು ನಿಂತು ಗೇಟಿನ ಕಡೆ ಹರಿಯುತ್ತಿತ್ತು.

ಕೆಳಗಿನ ಮನೆಯ ಹುಡುಗಿ ಎದ್ದು ನಿಂತಳು. ಬ್ಯಾಗು ಆಗಲೇ ಹೆಗಲ ಮೇಲಿತ್ತು.

"ಮಿಸ್, ನಾನು ಮನೆಗೆ ಹೋಗ್ಬೇಕು."

ಅತ್ತೆ ಎರಡು ದಿನದ ಹಿಂದೆ ಆರ್.ಟಿ. ನಗರದಲ್ಲಿರುವ ನನ್ನ ನಾದಿನಿಯ ಮನೆಗೆ ಹೋಗಿದ್ದರು. ಮಧ್ಯಾಹ್ನದ ಗಂಜಿಗೂ ಯಾರೂ ಇಳಿದಿರಲಿಲ್ಲ. ಬೀಗ ಹಾಕಿದ ಮನೆಯೊಳಗೆ ಅಜ್ಜಿ ಒಬ್ಬರೇ. ಇದೆಲ್ಲ ನನ್ನ ತಲೆಗೆ ಬರುವ ಹೊತ್ತಿಗೆ ಹುಡುಗಿ ಬಾಗಿಲು ದಾಟಿದ್ದಳು. ನಾನೂ ಹಿಂದೆ ಓಡಿದೆ.

ಹೆಡ್‌ಮಿಸ್ ಕಾರಿಡಾರಿನಲ್ಲಿ ತಡೆದರು. "ಪೇರೆಂಟ್ ಬರದೆ ಮಕ್ಕಳನ್ನ ಕಳಿಸೋ ಹಾಗಿಲ್ಲ."

"ಅವರ ಮನೆ ಓನರ್ ಬಂದಿದೀನಿ, ಬಿಡಿ" ಎಂದೆ. ಅವರು ಬಾಯಿ ತೆರೆದು ಏನೋ ಹೇಳುತ್ತಿದ್ದರು. ನಾವು ಗೇಟು ದಾಟಿದೆವು.

ಆಟೋದವನು ನಮ್ಮ ಬೀದಿಯ ತಿರುವಿನ ತನಕ ಬಂದು, "ಇನ್ನು ಮುಂದಕ್ಕೆ ಗಾಡಿ ಹೋಗಲ್ಲ ಮೇಡಂ" ಅಂದುಬಿಟ್ಟ. ರಸ್ತೆಯಲ್ಲಿ ಮೊಳಕಾಲು ತನಕ ನೀರು. ಚಪ್ಪಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹುಡುಗಿ ನನ್ನ ಕೈ ಹಿಡಿದಿದ್ದಳು. ಹಿಡಿದಿದ್ದಳು ಅನ್ನುವುದಕ್ಕಿಂತ ಎಳೆಯುತ್ತಿದ್ದಳು. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳುತ್ತಿದ್ದೆ, ಕಟ್ಟೆ ಇದೆ, ಕಟ್ಟೆ ಇದೆ ಅಂತ.

ನಮ್ಮ ಗೇಟಿನೊಳಗೆ ಅಷ್ಟು ನೀರಿರಲಿಲ್ಲ. ಕಾಲಗಂಟು ಮುಳುಗುವಷ್ಟು, ಅಷ್ಟೆ. ಒಂದು ಕ್ಷಣ ಜೀವ ಬಂದ ಹಾಗಾಯಿತು. ಆಮೇಲೆ ಬಾಗಿಲು ನೋಡಿದೆ. ಬಾಗಿಲ ಸಂದಿಯಿಂದ ಕೆಂಪು ನೀರು ನುಗ್ಗಿ ಕಟ್ಟೆಯ ಮೇಲಿನಿಂದ ಅಂಗಳಕ್ಕೆ ಸುರಿಯುತ್ತಿತ್ತು. ನೀರು ಹೊರಗಿನಿಂದ ಒಳಗೆ ಹೋಗುತ್ತಿರಲಿಲ್ಲ, ಒಳಗಿನಿಂದ ಹೊರಗೆ ಬರುತ್ತಿತ್ತು. ನೆಲದಡಿಯ ಹಳ್ಳ ಬಚ್ಚಲಿನಿಂದ ಎದ್ದು ಬಂದಿತ್ತು. ನಾವು ಕಟ್ಟಿಸಿದ ಕಟ್ಟೆ ಅದನ್ನು ಮನೆಯೊಳಗೆ ತುಂಬಿಟ್ಟಿತ್ತು.

ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಲ್ಲಿ ಮೇನ್ ಆಫ್ ಮಾಡಿದೆ. ಹುಡುಗಿ ಬೀಗ ತೆಗೆದಳು. ಇಬ್ಬರೂ ಹೆಗಲು ಕೊಟ್ಟು ತಳ್ಳಿದರೂ ಬಾಗಿಲು ಒಳಗಿನ ನೀರಿಗೆ ಆತು ನಿಂತಿತ್ತು. ಎದುರುಮನೆಯ ಅಣ್ಣತಮ್ಮಂದಿರು ಓಡಿ ಬಂದು ನೂಕಿದ ಮೇಲೆ ಒಂದಷ್ಟು ತೆರೆಯಿತು. ಒಳಗೆ ಕತ್ತಲು. ಪಾತ್ರೆ, ಚಾಪೆ, ಗ್ಯಾಸ್ ಸಿಲಿಂಡರ್ ತೇಲುತ್ತಿದ್ದವು. ನಾನು ನೇರವಾಗಿ ಹಿಂದಿನ ರೂಮಿನ ಕಡೆ ನೋಡಿದೆ. ಅಲ್ಲಿ ನೀರು ತಿರುಗುತ್ತಿತ್ತು, ಮಂಚ ಇರಲಿಲ್ಲ.

"ಆಂಟಿ, ಇಲ್ಲಿ" ಅಂದಳು ಹುಡುಗಿ.

ಮಂಚ ಮುಂದಿನ ಹಾಲಿನಲ್ಲಿ, ಬಾಗಿಲ ಪಕ್ಕದ ಗೋಡೆಗೆ ಆತು ನಿಂತಿತ್ತು. ಅದರ ನಾಲ್ಕು ಕಾಲುಗಳ ಕೆಳಗೂ ಸಿಮೆಂಟ್ ಇಟ್ಟಿಗೆ ಪೇರಿಸಿದ್ದರು. ನೀರು ಹಾಸಿಗೆಗೆ ಒಂದು ಗೇಣು ಕೆಳಗಿತ್ತು. ಅಜ್ಜಿ ಅಂಗಾತ ಮಲಗಿ, ಆಡುವ ಕೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡಿದ್ದರು. ಕಣ್ಣು ತೆರೆದಿತ್ತು. ಮೊಮ್ಮಗಳನ್ನು ಕಂಡು ತೊದಲಿದರು. "ಹೊಳಿ ಬಂತವ್ವಾ."

ಅಣ್ಣತಮ್ಮಂದಿರು ಹಾಸಿಗೆ ಸಮೇತ ಅವರನ್ನು ಎತ್ತಿ ಮೆಟ್ಟಿಲು ಹತ್ತಿಸಿ ನಮ್ಮ ಹಾಲಿನಲ್ಲಿ ಮಲಗಿಸಿದರು. ಎತ್ತುವ ಮೊದಲು ಸರಳಿನಿಂದ ಅಜ್ಜಿಯ ಬೆರಳು ಒಂದೊಂದಾಗಿ ಬಿಡಿಸಬೇಕಾಗಿತ್ತು. ನಾನು ಕೆಳಗೆ ಬಂದು ಹಾರೆ ತೆಗೆದುಕೊಂಡು ಆ ಕಟ್ಟೆಯನ್ನು ಕುಟ್ಟಿದೆ. ಅಳುತ್ತಿದ್ದೆನೋ ಬೈಯುತ್ತಿದ್ದೆನೋ ನೆನಪಿಲ್ಲ. ಎರಡೂ ಇರಬೇಕು. ಕಟ್ಟೆ ಒಡೆದ ಕಡೆಯಿಂದ ನೀರು ಭೋರೆಂದು ಹೊರಟಿತು.

ಮಳೆ ನಿಂತಮೇಲೆ ಹುಡುಗಿಯ ತಾಯಿ ಬಂದಳು. ಮೈಯೆಲ್ಲ ಒದ್ದೆ, ಯಲಹಂಕದಿಂದ ಅರ್ಧ ದಾರಿ ನಡೆದೇ ಬಂದಿದ್ದಳು. ತನ್ನ ಅತ್ತೆಯ ಮೈ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಬಂದು ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು.

"ನಿಮ್ಮ ಉಪಕಾರ ಹ್ಯಾಂಗ ತೀರಸಬೇಕ್ರಿ ಅಕ್ಕಾರ. ಮಂಚ ಹಿಂದಿನ ಖೋಲ್ಯಾಗ ಇಡಬ್ಯಾಡ್ರಿ, ಇಟ್ಟಂಗಿ ಇಟ್ಟು ಎತ್ತರಸ್ರಿ ಅಂತ ನೀವ ಹೇಳಿ ಕಳಿಸಿದ್ರಂತಲ್ರಿ. ಇಲ್ಲಂದ್ರ ಇವತ್ತ ನಮ್ಮತ್ತಿ ನಮಗ ಸಿಗ್ತಿರ್ಲಿಲ್ಲ."

ನಾನು ಹಾಗೆ ಹೇಳಿರಲಿಲ್ಲ. ಯಾರಿಗೂ ಏನೂ ಹೇಳಿರಲಿಲ್ಲ. ಹುಡುಗಿಯ ಕಡೆ ನೋಡಿದೆ. ಅವಳು ಅಜ್ಜಿಯ ತಲೆ ಒರೆಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ನಮ್ಮ ಯಜಮಾನರೂ ಅಷ್ಟು ಹೊತ್ತಿಗೆ ಅಂಗಡಿ ಮುಚ್ಚಿ ಬಂದು ಅಲ್ಲೇ ನಿಂತಿದ್ದರು. ಅವರು ಬಾಲ್ಕನಿಗೆ ಹೋದರು.

ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಸಿಕ್ಕಾಗ ಕೇಳಿದೆ. "ನಾನು ಯಾವಾಗ ಹೇಳಿದ್ದೆ?"

"ನಾನು ಹೇಳಿದ್ರೆ ಅಪ್ಪ ಕೇಳಲ್ಲ ಆಂಟಿ. ಮಿಸ್ ಹೇಳಿದ್ರು ಅಂದ್ರೆ ಕೇಳ್ತಾರೆ" ಅಂದಳು. "ಕಟ್ಟೆ ಕಟ್ಟೋವಾಗ ಇಟ್ಟಿಗೆ ಮಿಕ್ಕಿತ್ತು. ಅದನ್ನೇ ತಗೊಂಡೆ. ನಿಮ್ಮತ್ತೆ ನೋಡಿದ್ರು, ಒಳ್ಳೇದಾಯ್ತು ಅಂದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಫಿ ಲೋಟ ಅವಳ ಕೈಗೆ ಕೊಟ್ಟು ಸಿಂಕಿನ ಕಡೆ ತಿರುಗಿ ನಿಂತೆ.

ಅವರು ತಿಂಗಳೊಳಗೆ ಯಲಹಂಕದಲ್ಲಿ ಎರಡನೇ ಮಹಡಿಯ ಮನೆ ನೋಡಿಕೊಂಡು ಹೋದರು. ಹುಡುಗಿಯ ಶಾಲೆಯೂ ಬದಲಾಯಿತು. ಹೋಗುವ ದಿನ ತಾಯಿ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದಕ್ಕೆ ಸರಿದೆ, ಮತ್ತು ಆಗಲೂ ನಿಜ ಹೇಳಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತ ಟೆಂಪೋ ಹತ್ತಿದಳು.

ಶಾಲೆಯಲ್ಲಿ ನಾನು ಆ ನಕ್ಷೆಯನ್ನು ಮತ್ತೆ ಹಾಕಿದೆ, ನನ್ನ ಸ್ವಂತ ಲ್ಯಾಪ್‌ಟಾಪಿನಿಂದ. ಹೆಡ್‌ಮಿಸ್‌ಗೆ ಗೊತ್ತಾಯಿತು. ನನ್ನ ಒಂಬತ್ತನೇ ತರಗತಿ ತೆಗೆದು ಆರನೆಯದಕ್ಕೆ ಹಾಕಿದರು. ಆರನೆಯದರ ಕೋಣೆಯಲ್ಲಿ ಪ್ಯಾನೆಲ್ ಇಲ್ಲ.

ಇತ್ತ ನಮ್ಮ ಯಜಮಾನರು ಕೆಳಗಿನ ಮನೆಗೆ ಸುಣ್ಣಬಣ್ಣ ಮಾಡಿಸಿದರು. ಗೋಡೆಯ ಮೇಲಿನ ನೀರಿನ ಕಲೆ ಎರಡು ಕೋಟ್‌ಗೆ ಹೋಗಲಿಲ್ಲ, ಮೂರನೆಯದಕ್ಕೆ ಹೋಯಿತು. ಬಚ್ಚಲಿಗೆ ಹೊಸ ಟೈಲ್ಸ್ ಬಂತು. ಬಾಗಿಲಲ್ಲಿ ಕಟ್ಟೆಯ ಗುರುತೇ ಇಲ್ಲದ ಹಾಗೆ ಗ್ರಾನೈಟ್ ಹಾಕಿಸಿದರು. ಗೇಟಿಗೆ ಬಾಡಿಗೆಗಿದೆ ಎಂಬ ಬೋರ್ಡ್ ನೇತುಹಾಕಿದ ಮೇಲೆ ನಾನು ಅವರಿಗೆ ಹೇಳಿಯೇಬಿಟ್ಟೆ. "ಯಾರೇ ಬರಲಿ, ಈ ಸಲ ನಾನು ಹೇಳ್ತೀನಿ. ನೀವು ತಡೆಯೋ ಹಾಗಿಲ್ಲ."

"ಹೇಳ್ಕೋ" ಎಂದರು.

ಬಂದದ್ದು ಹೊಸದಾಗಿ ಮದುವೆಯಾದವರಂತೆ ಕಾಣುವ ಗಂಡಹೆಂಡಿರು. ತುಮಕೂರು ಕಡೆಯವರು. ಅವಳ ಕಂಕುಳಲ್ಲಿ ಆರೇಳು ತಿಂಗಳ ಮಗು. ರೂಮುಗಳನ್ನು ನೋಡಿದರು, ನಲ್ಲಿ ತಿರುಗಿಸಿದರು, ಬೆಳಕು ಚೆನ್ನಾಗಿದೆ ಎಂದರು. ನಾನು ಇಳಿದು ಬಂದು, ಯಜಮಾನರ ಎದುರಿಗೇ, ಎಲ್ಲವನ್ನೂ ಹೇಳಿದೆ. ಈ ನೆಲದ ಕೆಳಗೆ ಹಳ್ಳ ಇದೆ ಎಂದೆ. ಎಲ್ಲಿಂದ ಬಂತು, ಎಷ್ಟೆತ್ತರ ಬಂತು ಎಂದು ಗೋಡೆಗೆ ಕೈಯಿಟ್ಟು ತೋರಿಸಿದೆ. ಫೋನು ತೆಗೆದು ನೀಲಿ ಗೆರೆಯನ್ನೂ ತೋರಿಸಿದೆ. ಒಂದೂ ಮುಚ್ಚಿಡಲಿಲ್ಲ. ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನು ಕಾಲಿನಿಂದ ನೆಲ ತಟ್ಟಿ ನೋಡಿದ. "ಈ ಕಡೆ ಎಲ್ಲಾ ಹಂಗೇ ಅಲ್ವಾ ಮೇಡಂ. ನಿನ್ನೆ ನೋಡಿದ ಮನೆಯೋರು ಇಷ್ಟೂ ಹೇಳ್ಲಿಲ್ಲ" ಎಂದ.

ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ನನ್ನನ್ನು ನೋಡಿ ನಕ್ಕಳು. ಒಳ್ಳೆಯ ನಗು. ನಮಗೆ ಈ ಮನೆಯೇ ಆಗುತ್ತದೆ, ನಾಳಿದ್ದು ಸಾಮಾನು ತರುತ್ತೇವೆ ಎಂದಳು.

"ಭಯ ಏನಿಲ್ಲ ಬಿಡಿ ಮೇಡಂ" ಎಂದಳು. "ಮೇಲೆ ನೀವಿರ್ತೀರಲ್ಲ."